ದಿನಾ "ನಾನು ಬುದ್ಧಿವಂತೆ" ಅಂತ ಹೇಳಿಕೊಂಡರೆ ಓದು ತಲೆಗೆ ಹತ್ತುತ್ತದಾ?

ಹಾಳೆತಿರುವು (ಪ್ರಶ್ನೆ):
ಪರೀಕ್ಷೆಗೆ ಇನ್ನು ಏಳು ವಾರ. ಗಣಿತ ನನಗೆ ಮೊದಲಿನಿಂದಲೂ ಕಷ್ಟ. ಯಾವುದೋ ವಿಡಿಯೊ ನೋಡಿ, ಮೂರು ವಾರದಿಂದ ಬೆಳಗ್ಗೆ ಕನ್ನಡಿ ಮುಂದೆ ನಿಂತು "ನಾನು ಬುದ್ಧಿವಂತೆ, ಗಣಿತ ನನಗೆ ನೀರು ಕುಡಿದಷ್ಟು ಸುಲಭ, ಓದಿದ್ದೆಲ್ಲ ನೆನಪಿರುತ್ತದೆ" ಅಂತ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ. ಮೊದಲ ಎರಡು ಮೂರು ದಿನ ಚೆನ್ನಾಗಿತ್ತು. ಈಗ ಏನಾಗಿದೆ ಅಂದರೆ, ಹೇಳಿ ಮುಗಿಸಿ ಇಂಟಿಗ್ರೇಷನ್ ಲೆಕ್ಕಕ್ಕೆ ಕೈ ಹಾಕುತ್ತೇನೆ, ಎರಡನೇ ಸಾಲಿಗೇ ಸಿಕ್ಕಿಹಾಕಿಕೊಳ್ಳುತ್ತೇನೆ, ಆಗ ಒಳಗಿನಿಂದ ಒಂದು ದನಿ "ಈಗ ತಾನೇ ಏನೋ ಹೇಳ್ತಿದ್ದೆ?" ಅಂತ ಅಣಕಿಸುತ್ತದೆ. ಮೊದಲು ಲೆಕ್ಕ ಬರದಿದ್ದರೆ ಬರೀ ಬೇಜಾರಾಗುತ್ತಿತ್ತು. ಈಗ ನಾಚಿಕೆಯೂ ಆಗುತ್ತದೆ. ನಾನು ಮಾಡುವ ರೀತಿ ತಪ್ಪಾ, ಇಲ್ಲ ಇದೆಲ್ಲ ಸುಮ್ನೆ ಬೊಗಳೆನಾ? "ನಂಬಿಕೆ ಇಟ್ಟು ಮಾಡು" ಅಂತ ಮಾತ್ರ ಹೇಳಬೇಡಿ, ಕೇಳಿ ಕೇಳಿ ಸಾಕಾಗಿದೆ.

ರಾತ್ರಿಗೂಬೆ:
ಪೂರ್ತಿ ಬೊಗಳೆ ಅಲ್ಲ. ನೀವು ಆರಿಸಿಕೊಂಡ ವಾಕ್ಯ ತಪ್ಪು, ಅಷ್ಟೇ. 2009ರಲ್ಲಿ ಕೆನಡಾದ ಜೋಆನ್ ವುಡ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದ್ದರು. "ನಾನು ಪ್ರೀತಿಗೆ ತಕ್ಕ ವ್ಯಕ್ತಿ" ಅನ್ನುವಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಕೊಟ್ಟರು. ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ಒಂಚೂರು ಹಿತವಾಯಿತು. ಕೀಳರಿಮೆ ಇದ್ದವರು ಮಾತ್ರ, ಏನೂ ಹೇಳಿಕೊಳ್ಳದವರಿಗಿಂತ ಜಾಸ್ತಿ ಕುಗ್ಗಿದರು. ಯಾರಿಗೆ ಔಷಧಿ ಬೇಕಿತ್ತೋ ಅವರಿಗೇ ಉಲ್ಟಾ ಹೊಡೆಯಿತು, ನೋಡಿ.

ನಿಮ್ಮ ಒಳಗಿನ ದನಿ ನಿಮ್ಮ ವೈರಿ ಏನಲ್ಲ. ಅದು ಸಾಕ್ಷಿ ಕೇಳುತ್ತಿದೆ. "ನೀರು ಕುಡಿದಷ್ಟು ಸುಲಭ" ಅನ್ನುವುದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇಲ್ಲ. "ನಿನ್ನೆ ಬಿಟ್ಟ ಲೆಕ್ಕಕ್ಕೆ ಇವತ್ತು ಇಪ್ಪತ್ತು ನಿಮಿಷ ಕೂರುತ್ತೇನೆ" ಅನ್ನಿ, ಅದಕ್ಕೆ ಆ ದನಿ ಏನಂತ ಅಣಕಿಸುತ್ತದೆ?

ಪೆನ್ಸಿಲ್‌ಚೂರು:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಮಕ್ಕಳಿಗೆ ಪಾಠ ಹೇಳುವುದರಿಂದ ಇಂಥದ್ದೆಲ್ಲ ಹುಡುಕಿ ಓದುವ ಚಟ ನನಗೆ. ನೆದರ್ಲ್ಯಾಂಡ್ಸ್‌ನಲ್ಲಿ 9ರಿಂದ 13 ವಯಸ್ಸಿನ ಮಕ್ಕಳಿಗೆ ಗಣಿತದ ಟೆಸ್ಟನ್ನು ಅರ್ಧ ಕೊಟ್ಟು, ನಡುವೆ ನಿಲ್ಲಿಸಿ, ಕೆಲವರಿಗೆ ಮನಸ್ಸಿನಲ್ಲೇ "ನಾನು ಇದರಲ್ಲಿ ತುಂಬಾ ಜಾಣ" ಅಂತ, ಕೆಲವರಿಗೆ "ನನ್ನ ಕೈಲಾದಷ್ಟು ಮಾಡುತ್ತೇನೆ" ಅಂತ ಹೇಳಿಕೊಳ್ಳಲು ಹೇಳಿ, ಆಮೇಲೆ ಉಳಿದರ್ಧ ಮಾಡಿಸಿದರು. ಗಣಿತ ನನಗೆ ಬರಲ್ಲ ಅಂದುಕೊಂಡಿದ್ದ ಮಕ್ಕಳಿಗೆ ಎರಡನೇ ಮಾತಿನಿಂದ ಉಪಯೋಗವಾಯಿತು. ಜಾಣ ಅನ್ನುವ ಮಾತಿನಿಂದ ಆಗಲಿಲ್ಲ.

ನನ್ನ ಹತ್ತಿರ ಬರುವ ಒಬ್ಬ ಹುಡುಗಿ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ "ಮೊದಲು ಏನು ಕೊಟ್ಟಿದ್ದಾರೆ?" ಅಂತ ಬರೆದುಕೊಳ್ಳುತ್ತಾಳೆ. ಪ್ರತಿ ಲೆಕ್ಕಕ್ಕೂ. ಮುಗಿದ ಮೇಲೆ ಅಳಿಸುತ್ತಾಳೆ. ಅವಳ ಪುಸ್ತಕದ ಅಂಚೆಲ್ಲ ರಬ್ಬರ್ ಉಜ್ಜಿ ಉಜ್ಜಿ ತೆಳ್ಳಗಾಗಿದೆ. ಅದೂ ಒಂದು ಅಫರ್ಮೇಶನ್ನೇ (ತನಗೆ ತಾನೇ ಹೇಳಿಕೊಳ್ಳುವ ಮಾತು) ಅಲ್ವಾ, ಹೊಗಳಿಕೆ ಇಲ್ಲ ಅಷ್ಟೇ.

ಸುಮ್ನೆಓದಿ:
ನಾನು ಸ್ವಲ್ಪ ಒರಟಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಕನ್ನಡಿ ಮುಂದೆ ಕಳೆಯುವ ಹೊತ್ತಿನಲ್ಲಿ ಪುಸ್ತಕ ಮುಚ್ಚಿ, ನಿನ್ನೆ ಓದಿದ್ದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ತೋರಿಸಿದ್ದು ಇದೇ: ಅದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಜಾಸ್ತಿ ನೆನಪಿತ್ತು, ಆದರೆ ವಾರ ಕಳೆದ ಮೇಲೆ ನೋಡಿದರೆ, ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ತಮಾಷೆ ಅಂದರೆ, ನನಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಧೈರ್ಯ ಜಾಸ್ತಿ ಇದ್ದದ್ದು ಬರೀ ಓದಿದವರಿಗೆ! ಕನ್ನಡಿ ಕೊಡುವುದೂ ಅದೇ ಥರದ ಧೈರ್ಯ.

ಮಧ್ಯಾಹ್ನದನಿದ್ದೆ:
ನನಗಂತೂ ಕನ್ನಡಿಯಿಂದ ಉಪಯೋಗವಾಗಿದೆ. ಲೆಕ್ಕ ಬಂತು ಅಂತಲ್ಲ, ಹಾಸಿಗೆಯಿಂದ ಏಳುವುದಕ್ಕೆ ಒಂದು ನೆಪ ಸಿಕ್ಕಿತು. ಎಲ್ಲರೂ ಸೇರಿ ಅದನ್ನು ಅಷ್ಟೊಂದು ಬೈಯಬೇಡಿ. ಇನ್ನೊಂದು ವಿಷಯ, ಪರೀಕ್ಷೆ ದಿನ ಎದೆ ಡವಡವ ಅಂದಾಗ "ಶಾಂತವಾಗಿರು" ಅಂತ ಹೇಳಿಕೊಂಡರೆ ನನಗೆ ಇನ್ನೂ ಗಾಬರಿ. "ಮೈ ಚುರುಕಾಗಿದೆ, ನಡಿ" ಅಂದರೆ ಕೈ ಓಡುತ್ತದೆ. ಇದಕ್ಕೂ ಅಲಿಸನ್ ವುಡ್ ಬ್ರೂಕ್ಸ್ ಅನ್ನುವವರ 2014ರ ಸಂಶೋಧನೆ ಇದೆ, ಓದಿದಾಗ ನಾನೊಬ್ಬನೇ ಹೀಗಲ್ಲ ಅಂತ ಸಮಾಧಾನವಾಯಿತು.

ಹಾಳೆತಿರುವು:
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ನೋಡಿ ಬರೆಯುತ್ತಿದ್ದೇನೆ. ಕನ್ನಡಿ ಬಿಟ್ಟೆ (ಮಧ್ಯಾಹ್ನದನಿದ್ದೆ ಅವರೇ, ಕ್ಷಮಿಸಿ). ಒಂದು ಚೀಟಿಯಲ್ಲಿ "ಎಲ್ಲಿ ನಿಂತಿತು ಅಂತ ಹುಡುಕುತ್ತೇನೆ" ಅಂತ ಬರೆದು ಪುಸ್ತಕದೊಳಗೆ ಇಟ್ಟೆ. ನಿನ್ನೆ ಎಕ್ಸ್ ಸೈನ್ ಎಕ್ಸ್ ಲೆಕ್ಕ ಮತ್ತೆ ತಪ್ಪಾಯಿತು. ಮೊದಲಾಗಿದ್ದರೆ ಪುಸ್ತಕ ಮುಚ್ಚಿ ಫೋನ್ ಹಿಡಿಯುತ್ತಿದ್ದೆ. ಚೀಟಿ ಕಣ್ಣಿಗೆ ಬಿತ್ತು, ಸುಮ್ನೆ ಸಾಲು ಸಾಲು ಹಿಂದಕ್ಕೆ ಹೋದೆ. ಸೈನ್ ಅನ್ನು ಇಂಟಿಗ್ರೇಟ್ ಮಾಡಿದಾಗ ಬರುವ ಮೈನಸ್ ಬರೆದೇ ಇರಲಿಲ್ಲ! ಅದನ್ನು ಹಾಕಿದರೆ ಮುಂದೆ ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ, ಉತ್ತರ ಸರಿಹೋಗುತ್ತದೆ. ಹಳೆ ನೋಟ್ಸ್ ತೆಗೆದು ನೋಡಿದೆ, ಐದು ಕಡೆ ಅದೇ ತಪ್ಪು. ಇಷ್ಟು ದಿನ ನನಗೆ ಗಣಿತ ಬರಲ್ಲ ಅಂದುಕೊಂಡಿದ್ದೆ, ನೋಡಿದರೆ ಬರೀ ಒಂದು ಗೆರೆ.

ಆ ಚೀಟಿ ಆಗಲೇ ಮುದ್ದೆಯಾಗಿದೆ. ಇನ್ನೊಂದು ಬರೆಯಬೇಕು.