ಪ್ಯಾರಮೀಸಿಯಂ ಜೀನಿನ ಮಧ್ಯೆ ಇಷ್ಟೊಂದು ಸ್ಟಾಪ್ ಯಾಕೆ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಮಂಗಳೂರು):
ಮೇಡಂ, ನಮಸ್ತೆ. ಮನೆ ಹತ್ತಿರದ ಗದ್ದೆ ನೀರಿಗೆ ಬೈಹುಲ್ಲು ಹಾಕಿಟ್ಟು ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿ ಬೆಳೆಸಿದ್ದೆ. ಅದರ ಟ್ಯೂಬುಲಿನ್ (ಕೋಶದ ಹಂದರದ ಒಂದು ಪ್ರೋಟೀನ್) ಜೀನಿನ ಒಂದು ತುಂಡನ್ನು ಪಿಸಿಆರ್ ಮಾಡಿ, ಅಂದರೆ ನಕಲು ಹೆಚ್ಚಿಸಿ, ಅಕ್ಷರ ಓದಿಸಲಿಕ್ಕೆ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಬಂದದ್ದನ್ನು ಕಂಪ್ಯೂಟರಿನಲ್ಲಿ ಪ್ರೋಟೀನಿಗೆ ಬದಲಿಸಿದರೆ ಮಧ್ಯೆ ಐದು ಕಡೆ ನಕ್ಷತ್ರ ಗುರುತು, ಅಂದರೆ ಸ್ಟಾಪ್, ಪ್ರೋಟೀನ್ ಕಟ್ಟುವುದು ಇಲ್ಲಿ ನಿಲ್ಲಲಿ ಅನ್ನುವ ಸೂಚನೆ. ಉಳಿದ ಭಾಗ ಟ್ಯೂಬುಲಿನ್ ಥರವೇ ಕಾಣುತ್ತದೆ. ಸ್ಯಾಂಪಲ್ ಹಾಳಾಗಿದೆ, ಮೊದಲಿಂದ ಮಾಡು ಅಂತ ಲ್ಯಾಬಿನಲ್ಲಿ ಹೇಳಿದರು. ಎರಡು ತಿಂಗಳ ಕೆಲಸ. ಬಿಸಾಡಬೇಕಾ?

ಉತ್ತರ (ಸೂಕ್ಷ್ಮಜೀವಿಶಾಸ್ತ್ರ ಉಪನ್ಯಾಸಕಿ, ಉಡುಪಿ):
ಬಿಸಾಡಬೇಡಮ್ಮ. ಮೊದಲು ಆ ಐದು ನಕ್ಷತ್ರ ಇರುವ ಜಾಗದಲ್ಲಿ ಡಿಎನ್‌ಎಯ ಮೂರಕ್ಷರ ಯಾವುದು ಅಂತ ನೋಡು. ಸಾಮಾನ್ಯವಾಗಿ ಸ್ಟಾಪ್ ಅನ್ನುವ ಮೂರಕ್ಷರಗಳು ಟಿಎಎ, ಟಿಎಜಿ, ಟಿಜಿಎ. ಅದರಲ್ಲಿ ಟಿಎಎ, ಟಿಎಜಿ ಮಾತ್ರ ಇದ್ದು ಟಿಜಿಎ ಒಂದೂ ಇಲ್ಲದಿದ್ದರೆ ಸ್ಯಾಂಪಲ್ ಸರಿಯಾಗಿಯೇ ಉಂಟು. ಆಮೇಲೆ ಯೀಸ್ಟಿನ ಮತ್ತು ಮನುಷ್ಯರ ಟ್ಯೂಬುಲಿನ್ ಪಕ್ಕದಲ್ಲಿಟ್ಟು ಸಾಲು ಹೊಂದಿಸು. ಆ ಜಾಗಗಳಲ್ಲಿ ಅವುಗಳಲ್ಲಿ ಏನಿದೆ ಅಂತ ಹೇಳು.

ವಿದ್ಯಾರ್ಥಿನಿ:
ಮೂರು ಟಿಎಎ, ಎರಡು ಟಿಎಜಿ. ಟಿಜಿಎ ಇಲ್ಲ. ಹೊಂದಿಸಿದರೆ ಐದರಲ್ಲಿ ನಾಲ್ಕು ಕಡೆ ಗ್ಲುಟಮಿನ್ ಅನ್ನುವ ಅಮೈನೋ ಆಮ್ಲ!

ಉತ್ತರ:
ನೋಡಿದೆಯಾ! ಪ್ಯಾರಮೀಸಿಯಂ, ಟೆಟ್ರಾಹೈಮಿನಾ ಥರದ ಜೀವಿಗಳಲ್ಲಿ ಟಿಎಎ, ಟಿಎಜಿ ಎರಡೂ ಗ್ಲುಟಮಿನ್. ನಿಲ್ಲಿಸಲಿಕ್ಕೆ ಉಳಿದದ್ದು ಟಿಜಿಎ ಒಂದೇ. ಇದು 1985ರಿಂದಲೇ ಗೊತ್ತಿರುವ ವಿಷಯ. ನಿನ್ನ ಸಾಫ್ಟ್‌ವೇರ್ 1ನೇ ಟೇಬಲ್‌ನಲ್ಲಿ, ಅಂದರೆ ಸಾಮಾನ್ಯ ಕೋಡ್‌ನಲ್ಲಿ (ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಅನ್ನುವ ಪಟ್ಟಿ) ಓದಿದೆ. ಈ ಜೀವಿಗಳ ಕೋಡ್ ಇರುವ 6ನೇ ಟೇಬಲ್ ಹಾಕಿ ಓದಿಸು.

ಇದು ಹೇಗೆ ಆಗುತ್ತದೆ ಅಂದರೆ, ಸ್ಟಾಪ್ ಬಂದಾಗ ಪ್ರೋಟೀನ್ ಕಟ್ಟುವ ಕೆಲಸ ನಿಲ್ಲಿಸಲಿಕ್ಕೆ ಕೋಶದಲ್ಲಿ ಒಂದು ಬೇರೆ ಪ್ರೋಟೀನ್ ಇರುತ್ತದೆ, ರಿಲೀಸ್ ಫ್ಯಾಕ್ಟರ್ ಅಂತ. ಪ್ಯಾರಮೀಸಿಯಂನಲ್ಲಿ ಅದು ಟಿಎಎ, ಟಿಎಜಿಯನ್ನು ಗುರುತು ಹಿಡಿಯುವುದಿಲ್ಲ. ಆ ಜಾಗಕ್ಕೆ ಗ್ಲುಟಮಿನ್ ಹೊತ್ತ ಟಿಆರ್‌ಎನ್‌ಎ ಬಂದು ಕೂರುತ್ತದೆ. ಗ್ಲುಟಮಿನ್‌ಗೆ ಮಾಮೂಲಿ ಅಕ್ಷರ ಸಿಎಎ ಮತ್ತು ಸಿಎಜಿ. ಮೊದಲ ಅಕ್ಷರ ಒಂದೇ ಬೇರೆ, ಅಲ್ವಾ? ನನಗೆ ಈ ಸಣ್ಣ ವ್ಯತ್ಯಾಸ ಈಗಲೂ ಆಶ್ಚರ್ಯ.

ಒಂದು ಎಚ್ಚರಿಕೆ. ಗದ್ದೆ ನೀರಿನಲ್ಲಿ ಪ್ಯಾರಮೀಸಿಯಂ ಗುಂಪಿನ, ಅಂದರೆ ಮೈಮೇಲೆ ಸಣ್ಣ ರೋಮವಿರುವ, ಬೇರೆ ಸಿಲಿಯೇಟ್‌ಗಳೂ ಇರುತ್ತವೆ, ಎಲ್ಲಕ್ಕೂ 6ನೇ ಟೇಬಲ್ ನಡೆಯುವುದಿಲ್ಲ. ಯೂಪ್ಲೋಟಿಸ್‌ನಲ್ಲಿ ಟಿಜಿಎ ಅಂದರೆ ಸಿಸ್ಟೀನ್. ಕಾಂಡಿಲೋಸ್ಟೋಮ ಅನ್ನುವುದರಲ್ಲಂತೂ ಮೂರೂ ಸ್ಟಾಪ್‌ಗಳು ಮಧ್ಯೆ ಬಂದರೆ ಅಮೈನೋ ಆಮ್ಲ, ಎಂಆರ್‌ಎನ್‌ಎಯ (ಜೀನಿನ ನಕಲು) ತುದಿ ಹತ್ತಿರ ಬಂದರೆ ಸ್ಟಾಪ್! ಇದು 2016ರಲ್ಲಿ ಪ್ರಕಟವಾಯಿತು. ಮುಂದೆ ಈ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಹಾಕುವ ಯೋಚನೆ ಇದ್ದರೆ ಆ ಟಿಎಎ, ಟಿಎಜಿಗಳನ್ನೆಲ್ಲ ಸಿಎಎ, ಸಿಎಜಿ ಮಾಡಿಸಿಕೋ. ಇಲ್ಲದಿದ್ದರೆ ತುಂಡು ಪ್ರೋಟೀನೇ ಸಿಗುವುದು.

ಪ್ರಶ್ನೆ (ಪಿಯು ಉಪನ್ಯಾಸಕರು, ಕುಂದಾಪುರ):
ಮೇಡಂ, ಕೋಡ್ ಎಲ್ಲ ಜೀವಿಗಳಿಗೂ ಒಂದೇ ಅಂತ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ತಪ್ಪಾ?

ಉತ್ತರ:
ಸರ್, 'ಬಹುಮಟ್ಟಿಗೆ' ಅಂತ ಒಂದು ಮಾತು ಸೇರಿಸಿದರೆ ಸಾಕು. 1966ರ ಹೊತ್ತಿಗೆ 64 ಕೋಡಾನ್‌ಗಳ, ಅಂದರೆ ಮೂರಕ್ಷರಗಳ, ಪಟ್ಟಿ ಪೂರ್ತಿಯಾಯಿತು, 1968ರಲ್ಲಿ ಈ ಕೆಲಸಕ್ಕೆ ವಿಜ್ಞಾನಿ ಖೊರಾನಾ ಅವರಿಗೆ ನೊಬೆಲ್ ಬಂತು. 1979ರಲ್ಲಿ ಮನುಷ್ಯರ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲೇ ಟಿಜಿಎ ಅಂದರೆ ಟ್ರಿಪ್ಟೊಫ್ಯಾನ್ ಅಂತ ಗೊತ್ತಾಯಿತು. ನಮ್ಮ ಒಂದೇ ಕೋಶದೊಳಗೆ ಎರಡು ಕೋಡ್ ಅಂತ ಮಕ್ಕಳಿಗೆ ಹೇಳಿ ನೋಡಿ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಪ್ರಶ್ನೆ (ಕೃಷಿಕರು, ಬ್ರಹ್ಮಾವರ):
ನಮ್ಮ ತೆಂಗಿನ ಮರದ ಕಾಂಡದ ಮೇಲೆ ಮಳೆಗಾಲದಲ್ಲಿ ಕಿತ್ತಳೆ ಬಣ್ಣದ ವೆಲ್ವೆಟ್ ಥರ ಬರುತ್ತದೆ. ಪಾಚಿ ಅನ್ನುತ್ತಾರೆ. ಅದರಲ್ಲೂ ಹೀಗೆಯೇ ಉಂಟಾ? ಮರಕ್ಕೆ ತೊಂದರೆ ಇಲ್ವಾ?

ಉತ್ತರ:
ನೀವು ಹೇಳಿದ್ದು ನೋಡಿದರೆ ಅದು ಟ್ರೆಂಟಿಪೋಲಿಯ. ಬಣ್ಣ ಕಿತ್ತಳೆಯಾದರೂ ಗುಂಪು ಹಸಿರು ಪಾಚಿಯದ್ದೇ. ಕ್ಯಾರೆಟ್‌ನಲ್ಲಿರುವಂಥ ಕ್ಯಾರೊಟಿನ್ ತುಂಬಿಕೊಂಡು ಹಸಿರು ಮುಚ್ಚಿಹೋಗಿರುತ್ತದೆ. ಈ ಪಾಚಿಯ ಗುಂಪಿನಲ್ಲೂ ಟಿಎಎ, ಟಿಎಜಿ ಅಂದರೆ ಗ್ಲುಟಮಿನ್. ಪ್ಯಾರಮೀಸಿಯಂಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ, ಬೇರೆ ಬೇರೆಯಾಗಿ ಒಂದೇ ಬದಲಾವಣೆ ಬಂದಿದೆ. ಆದರೆ ಸಮುದ್ರದ ಬಂಡೆ ಮೇಲೆ ಬೆಳೆಯುವ ಉಲ್ವಾ (Ulva) ಅನ್ನುವ ಹಸಿರು ಪಾಚಿ ಇದರ ಬಂಧುವೇ ಆದರೂ ಮಾಮೂಲಿ ಕೋಡ್‌ನಲ್ಲೇ ಉಳಿದಿದೆ.

ಕಾಂಡದ ಮೇಲಿರುವುದು ಮರದಿಂದ ಏನನ್ನೂ ಹೀರುವುದಿಲ್ಲ. ಸುಮ್ನೆ ಕೆರೆಯಲಿಕ್ಕೆ, ಮದ್ದು ಬಿಡಲಿಕ್ಕೆ ಹೋಗಬೇಡಿ. ಗೇರು, ಮಾವಿನ ಎಲೆ ಮೇಲೆ ತುಕ್ಕು ಬಣ್ಣದ ಉಬ್ಬಿದ ಮಚ್ಚೆ ಕಂಡರೆ ಮಾತ್ರ ಫೋಟೊ ಹಾಕಿ. ಅದು ಇದೇ ಗುಂಪಿನ ಸೆಫಲ್ಯೂರಸ್ ಇರಬಹುದು, ಎಲೆಯೊಳಗೇ ಬೆಳೆಯುವಂಥದ್ದು.