ನೆಟ್ ಇಲ್ಲದ ಮನೆಯಲ್ಲಿ ಬಿಬಿಎಸ್ ಮೇಲ್ ಓದೋದು ಹೇಗೆ? ಮಾಡಿದವರು ಹೇಳಿ

ಕೇಳಿದ್ದು, ತೀರ್ಥಹಳ್ಳಿ ಕಡೆಯಿಂದ

ವಾರವೆಲ್ಲ ಶಿವಮೊಗ್ಗದಲ್ಲಿ ಕೆಲಸ, ಶನಿವಾರ ಭಾನುವಾರ ಊರಿನ ಮನೆ. ಅಲ್ಲಿ ಟವರ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಇತ್ತೀಚೆಗೆ ಟೆಲ್ನೆಟ್‌ನಲ್ಲಿ (ದೂರದ ಕಂಪ್ಯೂಟರಿಗೆ ಬರೀ ಅಕ್ಷರಗಳಲ್ಲಿ ಸೇರುವ ಹಳೇ ದಾರಿ) ಸಿಗುವ ಹಳೇ ಮಾದರಿಯ ಬುಲೆಟಿನ್ ಬೋರ್ಡುಗಳ, ಅಂದರೆ ಜನ ಸಂದೇಶ ಹಾಕಿ ಓದುವ ಬಿಬಿಎಸ್‌ಗಳ ಹುಚ್ಚು ಹಿಡಿದಿದೆ. ಶುಕ್ರವಾರ ಸಂಜೆ ಮೇಲ್ ಎಲ್ಲ ಒಟ್ಟಿಗೆ ಇಳಿಸಿಕೊಂಡು, ಊರಲ್ಲಿ ಕೂತು ಓದಿ, ಉತ್ತರ ಬರೆದು, ಸೋಮವಾರ ಕಳಿಸಬಹುದಂತೆ. ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಇದೆ. ಏನೇನು ಹಾಕಿಕೊಳ್ಳಬೇಕು? ಎಲ್ಲಿ ಎಡವುತ್ತೇನೆ? ಕನ್ನಡದಲ್ಲಿ ಬರೆಯಬಹುದಾ?

ಮೈಸೂರಿನಿಂದ

ನಿಮ್ಮ ಪ್ರಶ್ನೆ ಓದಿ ನಗು ಬಂತು. 1992ರಲ್ಲಿ ನ್ಯೂಜೆರ್ಸಿಯಲ್ಲಿದ್ದಾಗ ನಾನು ಮಾಡುತ್ತಿದ್ದದ್ದು ಇದನ್ನೇ. ಕಾರಣ ಮಾತ್ರ ಬೇರೆ. ಆಗ ಬೋರ್ಡಿಗೆ ಫೋನ್ ಮಾಡಿಯೇ ಹೋಗಬೇಕಿತ್ತು, ನಮ್ಮ ಬೋರ್ಡಿಗೆ ಇದ್ದದ್ದು ಒಂದೇ ಫೋನ್ ಲೈನ್. ಒಬ್ಬ ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್. ಒಬ್ಬರಿಗೆ ದಿನಕ್ಕೆ ಒಂದು ಗಂಟೆ ಅಂತ ಮಿತಿ ಬೇರೆ. ಒಂದೊಂದೇ ಸಂದೇಶ ಓದಿ, ಯೋಚಿಸಿ, ಉತ್ತರ ಟೈಪ್ ಮಾಡೋದರೊಳಗೆ ಟೈಮ್ ಮುಗಿದು ಅದೇ ಹೊರಗೆ ಹಾಕುತ್ತಿತ್ತು.

ಇದಕ್ಕೆ ಔಷಧಿ ಅಂದರೆ ಕ್ಯೂಡಬ್ಲ್ಯೂಕೆ ಪ್ಯಾಕೆಟ್. ಮಾರ್ಕ್ ಹೆರಿಂಗ್ ಅನ್ನುವವರು 1987ರಲ್ಲಿ ಮಾಡಿದ ಫಾರ್ಮ್ಯಾಟ್. ನೀವು ಆರಿಸಿಕೊಂಡ ವಿಭಾಗಗಳ ಹೊಸ ಸಂದೇಶಗಳನ್ನೆಲ್ಲ ಬೋರ್ಡು ಒಂದೇ ಜಿಪ್ ಫೈಲಾಗಿ ಕಟ್ಟಿಕೊಡುತ್ತದೆ. ನಿಮ್ಮ ಉತ್ತರಗಳು ಆರ್‌ಇಪಿ ಅನ್ನುವ ಇನ್ನೊಂದು ಕಟ್ಟಿನಲ್ಲಿ ವಾಪಸ್ ಹೋಗುತ್ತವೆ. ನನ್ನ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಸಾಧನ) 2400 ಬಿಪಿಎಸ್‌ನದು, ಸೆಕೆಂಡಿಗೆ ಹೆಚ್ಚುಕಡಿಮೆ 240 ಅಕ್ಷರ. 100 ಕೆಬಿ ಪ್ಯಾಕೆಟ್ ಇಳಿಯಲು ಏಳು ನಿಮಿಷ. ಅಷ್ಟರಲ್ಲಿ ಕಾಫಿ ಮಾಡಿಕೊಂಡು ಬರುತ್ತಿದ್ದೆ.

ಮೊದಲ ವಾರ ಮೋಡೆಮ್ ಡಯಲ್ ಮಾಡಿದ ಕೂಡಲೇ ಮೌಸ್ ಸತ್ತು ಹೋಗುತ್ತಿತ್ತು. ಮೌಸ್ ಇದ್ದದ್ದು ಕಾಮ್ 1 ಅನ್ನುವ ಪೋರ್ಟಿನಲ್ಲಿ, ಮೋಡೆಮ್ ಕಾಮ್ 3ರಲ್ಲಿ. ಎರಡಕ್ಕೂ ಪ್ರೊಸೆಸರನ್ನು ಕರೆಯುವ ಗೆರೆ ಒಂದೇ, ಐಆರ್‌ಕ್ಯೂ 4! ಇದು ಗೊತ್ತಾಗಲು ಮೂರು ರಾತ್ರಿ ಬೇಕಾಯಿತು. ಮೋಡೆಮ್ಮನ್ನು ಕಾಮ್ 2ಕ್ಕೆ ಹಾಕಿದೆ, ಸರಿಹೋಯಿತು.

ಆಮೇಲೆ ಕಾಲ್ ವೇಟಿಂಗ್ ಕಾಟ. ಅಮ್ಮ ಭಾನುವಾರ ಬೆಳಿಗ್ಗೆ ಮೈಸೂರಿಂದ ಫೋನ್ ಮಾಡುತ್ತಿದ್ದರು. ನಮಗದು ಶನಿವಾರ ರಾತ್ರಿ, ಪ್ಯಾಕೆಟ್ ಇಳಿಸುವ ಹೊತ್ತು. ಆ 'ಬೀಪ್' ಬಂದರೆ ಸಾಕು, ಮೋಡೆಮ್ ಲೈನ್ ಬಿಡುತ್ತಿತ್ತು. ನಂಬರಿಗೆ ಮುಂಚೆ ಸ್ಟಾರ್ 70 ಡಯಲ್ ಮಾಡಿದರೆ ಆ ಕರೆಯ ಮಟ್ಟಿಗೆ ಕಾಲ್ ವೇಟಿಂಗ್ ಇರೋದಿಲ್ಲ ಅಂತ ಯಾರೋ ಹೇಳಿಕೊಟ್ಟರು. ಹಾಗೇ ಮಾಡಿದೆ. ಈಗ ಅಮ್ಮನಿಗೆ ಎಂಗೇಜ್! "ದುಡ್ಡು ಕೊಟ್ಟು ಫೋನ್ ಮಾಡಿದರೆ ಯಾರ ಜೊತೆ ಹರಟುತ್ತಾ ಕೂತಿರ್ತೀಯೋ?" ಅಂತ ಬೈಸಿಕೊಂಡೆ. ಶನಿವಾರ ರಾತ್ರಿ ಮೋಡೆಮ್ ಮುಟ್ಟಬಾರದು ಅಂತ ನನ್ನ ಹೆಂಡತಿ ಕಾನೂನು ಮಾಡಿದಳು.

ನಿಮಗೆ ಇದ್ಯಾವುದೂ ಇಲ್ಲ. ಆದರೆ ಹಾಟ್‌ಸ್ಪಾಟ್ ಮಧ್ಯೆ ಕೈಕೊಡುತ್ತದೆ, ಅಲ್ವಾ? ಹಾಗಾಗಿ ಇಳಿಸುವಾಗ ಝಡ್‌ಮೋಡೆಮ್ ಅನ್ನುವ ಫೈಲ್ ಕಳಿಸುವ ವಿಧಾನ ಆರಿಸಿ. ನಿಂತ ಕಡೆಯಿಂದ ಮುಂದುವರಿಸುವ ಸೌಲಭ್ಯ ಅದರಲ್ಲಿದೆ.

ಹುಬ್ಬಳ್ಳಿಯಿಂದ

ಈಗಿನ ವಿಷಯ ನಾನು ಹೇಳ್ತೇನೆ. ಬೋರ್ಡಿಗೆ ಹೋಗಲು ಸಿಂಕ್‌ಟರ್ಮ್, ಓದಲು ಮಲ್ಟಿಮೇಲ್. ಎರಡೂ ಪುಕ್ಕಟೆ. ಡೆಬಿಯನ್ ಲಿನಕ್ಸ್‌ನಲ್ಲಿ ಮಲ್ಟಿಮೇಲ್ ಪ್ಯಾಕೇಜ್ ಸಿದ್ಧ ಇದೆ, ಹಾಕಿಕೊಂಡು ಟರ್ಮಿನಲ್‌ನಲ್ಲಿ ಎಂಎಂ ಅಂತ ಹೊಡೆದರೆ ಸಾಕು.

ಒಂದು ಕಡೆ ನಾನೂ ಎಡವಿದ್ದೆ. ಪ್ಯಾಕೆಟ್ ಕಣ್ಣೆದುರಿಗೇ ಇದೆ, ತೆರೆಯೋದಿಲ್ಲ. ಮಲ್ಟಿಮೇಲ್ ತಾನೇ ಜಿಪ್ ಬಿಚ್ಚೋದಿಲ್ಲ, ಬೇರೆ ಪ್ರೋಗ್ರಾಂ ಕೈಲಿ ಬಿಚ್ಚಿಸುತ್ತದೆ. ಜಿಪ್ ಮತ್ತು ಅನ್‌ಜಿಪ್ ಎರಡನ್ನೂ ಶಿವಮೊಗ್ಗದಲ್ಲೇ ಹಾಕಿಕೊಂಡು ಹೋಗಿ. ಊರಿಗೆ ಹೋದ ಮೇಲೆ ಗೊತ್ತಾದರೆ ಗುಡ್ಡ ಹತ್ತಬೇಕಾಗುತ್ತದೆ. ಆರ್‌ಇಪಿ ಫೈಲಿನ ಹೆಸರು ಬದಲಾಯಿಸಬೇಡಿ. ಅದು ಬೋರ್ಡಿನ ಗುರುತು.

ಇನ್ನೊಂದು ಮಾತು, ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಎಲ್ಲವನ್ನೂ ಗುಟ್ಟಾಗಿ ಕಳಿಸುವ ಎಸ್‌ಎಸ್‌ಎಚ್ ದಾರಿ ಇದ್ದರೆ ಇನ್ನೂ ಒಳ್ಳೇದು.

ಬೆಂಗಳೂರಿನಿಂದ

ಸಾಫ್ಟ್‌ವೇರ್ ಹತ್ತು ನಿಮಿಷದ ಕೆಲಸ ಸರ್. ನಿಜವಾದ ತಲೆನೋವು ಪಾಯಿಂಟರ್. ನೀವು ಎಲ್ಲಿಯವರೆಗೆ ಓದಿದ್ದೀರಿ ಅಂತ ಬೋರ್ಡು ಪ್ರತಿ ವಿಭಾಗಕ್ಕೂ ಒಂದು ಗುರುತು ಇಟ್ಟುಕೊಳ್ಳುತ್ತದೆ. ಪ್ಯಾಕೆಟ್ ಇಳಿಸಿದ ಕೂಡಲೇ ಅದು ಮುಂದಕ್ಕೆ ಹೋಗುತ್ತದೆ. ನೀವು ಓದಿದಿರೋ ಬಿಟ್ಟಿರೋ ಅದಕ್ಕೆ ಗೊತ್ತಾಗೋದಿಲ್ಲ. ನಾನು ಒಮ್ಮೆ ಇಳಿಸಿದ ಪ್ಯಾಕೆಟ್ಟನ್ನು ಸುಮ್ನೆ ಅಳಿಸಿಬಿಟ್ಟೆ. ಮಾರನೇ ದಿನ ಹೋದರೆ "ಹೊಸ ಸಂದೇಶ ಇಲ್ಲ". ಎರಡು ವಾರದ ಮಾತುಕತೆ ಮಾಯ! ಪಾಯಿಂಟರನ್ನು ಕೈಯಾರೆ ಹಿಂದಕ್ಕೆ ಸರಿಸಿ ಮತ್ತೆ ಇಳಿಸಬೇಕಾಯಿತು. ಆ ಮೆನು ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಮೊದಲ ಸಲ ಇದರ ಉಲ್ಟಾ ಆಗುತ್ತದೆ. ಗುರುತು ಸೊನ್ನೆಯಲ್ಲಿದ್ದರೆ ವರ್ಷಗಟ್ಟಲೆ ಹಳೇ ಸಂದೇಶ ಮೈಮೇಲೆ ಬೀಳುತ್ತದೆ. ಮೂರು ನಾಲ್ಕು ವಿಭಾಗ ಮಾತ್ರ ಆರಿಸಿ, ಪಾಯಿಂಟರನ್ನು ಹೋದ ವಾರಕ್ಕೆ ಇಟ್ಟು ಶುರು ಮಾಡಿ. ಹೊರಡುವ ಮುಂಚೆ ಪ್ಯಾಕೆಟ್ ಒಮ್ಮೆ ತೆರೆದು ನೋಡಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ. ಇದೊಂದು ಮಾಡಿದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ.

ಮಂಗಳೂರಿನಿಂದ

ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೋಗುತ್ತದೆ, ಆದರೆ ಕಷ್ಟ. ಕ್ಯೂಡಬ್ಲ್ಯೂಕೆಯಲ್ಲಿ ವಿಷಯದ ಸಾಲಿಗೆ ಇರೋದು 25 ಬೈಟ್, ಅಂದರೆ ಇಂಗ್ಲಿಷಿನ 25 ಅಕ್ಷರದಷ್ಟು ಜಾಗ. ಈಗ ಎಲ್ಲ ಭಾಷೆಗೂ ಬಳಸುವ ಅಕ್ಷರ ಸಂಕೇತ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ದೀರ್ಘ, ಗುಡಿಸು, ವಿರಾಮ, ಎಲ್ಲ ಬೇರೆ ಬೇರೆ ಲೆಕ್ಕ. 'ತೀರ್ಥಹಳ್ಳಿ' ಅಂದರೆ 30 ಬೈಟ್! 'ತೀರ್ಥಹಳ್' ಅನ್ನೋದರೊಳಗೆ ಕತ್ತರಿ ಬೀಳುತ್ತದೆ. ಹಾಗಾಗಿ ವಿಷಯದ ಸಾಲು ಇಂಗ್ಲಿಷ್ ಅಕ್ಷರದಲ್ಲಿರಲಿ.

ಒಳಗಿನ ಬರಹದಲ್ಲಿ ನಮಗೆ ಒಂದು ಅದೃಷ್ಟ ಇದೆ. ಈ ಫಾರ್ಮ್ಯಾಟ್‌ನಲ್ಲಿ ಸಾಲು ಮುಗಿಯಿತು ಅನ್ನಲು 227 ಅನ್ನುವ ಬೆಲೆಯ ಬೈಟ್ ಬಳಸುತ್ತಾರೆ. ಕನ್ನಡದ ಅಕ್ಷರಗಳೆಲ್ಲ 224ರಿಂದ ಶುರು, 227 ಎಲ್ಲೂ ಬರೋದಿಲ್ಲ. ಜಪಾನಿ ಹಿರಗಾನಾ ಬರೆಯುವವರ ಗತಿ ನೋಡಿ. ಅವರ ಪ್ರತಿ ಅಕ್ಷರವೂ 227ರಿಂದಲೇ ಶುರು!

ಆದರೆ ಹಳೇ ಐಬಿಎಂ ಅಕ್ಷರ ಪಟ್ಟಿಯ ಪರದೆಯಲ್ಲಿ ಓದುವವರಿಗೆ 224 ಅಂದರೆ ಗ್ರೀಕ್ ಆಲ್ಫಾ. ನಿಮ್ಮ ಕನ್ನಡ ಅವರಿಗೆ ಹೇಗೆ ಕಾಣುತ್ತದೋ ಊಹಿಸಿಕೊಳ್ಳಿ.

ಕೇಳಿದವರು, ಹತ್ತು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ನಾಲ್ಕು ವಿಭಾಗ ಇಳಿಸಿದೆ, ಅಲ್ಲೇ ತೆರೆದು ನೋಡಿದೆ. ಬಿಚ್ಚಿಕೊಳ್ಳಲಿಲ್ಲ! ಅನ್‌ಜಿಪ್ ಇರಲಿಲ್ಲ. ಹುಬ್ಬಳ್ಳಿಯವರು ಗುಡ್ಡ ಹತ್ತೋದು ತಪ್ಪಿಸಿದಿರಿ. ಎರಡು ದಿನ ಮಳೆ, ಕರೆಂಟ್ ಇದ್ದಷ್ಟು ಹೊತ್ತು ಓದಿದೆ. ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಆರು ಉತ್ತರ ಕಳಿಸಿದೆ. ಒಂದರ ಕೊನೆಗೆ ಹಠಕ್ಕೆ ಬಿದ್ದು ಕನ್ನಡದಲ್ಲೇ 'ನಮಸ್ಕಾರ' ಹಾಕಿದ್ದೆ. ಈ ವಾರದ ಪ್ಯಾಕೆಟ್‌ನಲ್ಲಿ ಆಚೆಯವರೊಬ್ಬರು ಕೇಳಿದ್ದಾರೆ, ನಿಮ್ಮ ಸಹಿಯಲ್ಲಿ ಇಷ್ಟೊಂದು ಆಲ್ಫಾ ಯಾಕೆ ಅಂತ. ಉತ್ತರ ಬರೆದಿಟ್ಟಿದ್ದೇನೆ, ಸೋಮವಾರ ಹೋಗುತ್ತದೆ.