ರಿವರ್ಸಿಬಲ್ ಎಂಜಿನ್‌ನಲ್ಲಿ ಸೊನ್ನೆಯಾಗುವುದು ಯಾವುದರ ಎಂಟ್ರೊಪಿ?

ಪ್ರಶ್ನೆ:
ಕಾರ್ನೋ ಚಕ್ರದ (ರಿವರ್ಸಿಬಲ್, ಅಂದರೆ ಹಿಮ್ಮುಖವಾಗಿಯೂ ನಡೆಸಬಹುದಾದ, ಆದರ್ಶ ಉಷ್ಣ ಎಂಜಿನ್‌ನ ಸುತ್ತು) ಲೆಕ್ಕವೊಂದರಲ್ಲಿ ಬಿಸಿ ಆಗರ (ಉಷ್ಣ ಕೊಡುವ ಮೂಲ) 500 ಕೆಲ್ವಿನ್, ತಂಪು ಆಗರ (ಉಳಿದ ಉಷ್ಣವನ್ನು ಪಡೆಯುವ ತಾಣ) 300 ಕೆಲ್ವಿನ್‌ನಲ್ಲಿದ್ದು, ಅನಿಲವು ಸುತ್ತಿಗೆ 1000 ಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಮೊದಲ ಹಂತದಲ್ಲೇ ಅನಿಲದ ಎಂಟ್ರೊಪಿ (ಉಷ್ಣವನ್ನು ತಾಪದಿಂದ ಭಾಗಿಸಿ ಅಳೆಯುವ ಪರಿಮಾಣ) 2 ಜೂಲ್/ಕೆಲ್ವಿನ್ ಏರುತ್ತದೆ. ಹಾಗಿದ್ದರೂ ರಿವರ್ಸಿಬಲ್ ಎಂಜಿನ್‌ನಲ್ಲಿ ಎಂಟ್ರೊಪಿಯ ಬದಲಾವಣೆ ಸೊನ್ನೆ ಎನ್ನುವುದೇಕೆ? ರಿವರ್ಸಿಬಲ್ ಅಲ್ಲದ ಎಂಜಿನ್‌ನಲ್ಲೂ ಅನಿಲ ಮೊದಲಿನ ಸ್ಥಿತಿಗೇ ಮರಳುತ್ತದೆಯಲ್ಲವೇ, ಅಂದಮೇಲೆ ವ್ಯತ್ಯಾಸ ಎಲ್ಲಿದೆ?

ಉತ್ತರ 1:
ನಿಮ್ಮ ಎರಡನೆಯ ಸಂದೇಹವೇ ವಿಷಯದ ತಿರುಳು. ಎಂಟ್ರೊಪಿಯು ಸ್ಥಿತಿಯನ್ನು ಮಾತ್ರ ಅವಲಂಬಿಸಿರುವುದರಿಂದ, ಒಂದು ಪೂರ್ಣ ಸುತ್ತಿನ ಬಳಿಕ ಅನಿಲದ ಪಾಲಿನ ಬದಲಾವಣೆ ಯಾವ ಎಂಜಿನ್‌ನಲ್ಲೂ ಸೊನ್ನೆಯೇ. ಆದ್ದರಿಂದ ಅನಿಲವನ್ನು ಬಿಟ್ಟು ಆಗರಗಳನ್ನು ನೋಡಬೇಕು. ಬಿಸಿ ಆಗರ 1000/500, ಅಂದರೆ 2 ಜೂಲ್/ಕೆಲ್ವಿನ್ ಕಳೆದುಕೊಳ್ಳುತ್ತದೆ. ಎಂಜಿನ್ 400 ಜೂಲ್ ಕೆಲಸ ಮಾಡಿ ಉಳಿದ 600 ಜೂಲನ್ನು ತಂಪು ಆಗರಕ್ಕೆ ಬಿಡುವುದರಿಂದ ಅಲ್ಲಿ 600/300, ಅಂದರೆ ಅದೇ 2 ಸೇರುತ್ತದೆ. ರಿವರ್ಸಿಬಲ್ ಎಂಜಿನ್‌ನಲ್ಲಿ ಸೊನ್ನೆಯಾಗುವುದು ಆಗರಗಳ ಈ ಒಟ್ಟು ಬದಲಾವಣೆಯೇ. ಕೆಲಸವಾಗಿ ಹೊರಹೋದ ಶಕ್ತಿ ತನ್ನೊಡನೆ ಎಂಟ್ರೊಪಿಯನ್ನು ಒಯ್ಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಿ. ಜರ್ಮನ್ ಭೌತವಿಜ್ಞಾನಿ ಕ್ಲೌಸಿಯಸ್ 1865ರಲ್ಲಿ ಎಂಟ್ರೊಪಿ ಎಂಬ ಹೆಸರು ಕೊಟ್ಟದ್ದು ಹೀಗೆ ಉಷ್ಣವನ್ನು ತಾಪದಿಂದ ಭಾಗಿಸಿ ಸಿಗುವ ಪರಿಮಾಣಕ್ಕೇ.

ಉತ್ತರ 2:
ಮೇಲಿನ ಉತ್ತರಕ್ಕೆ ಪೂರಕವಾಗಿ, ಎಂಟ್ರೊಪಿ ಹುಟ್ಟುವ ಜಾಗವನ್ನೇ ತೋರಿಸಬಹುದು. ಬಿಸಿ ಆಗರ 500 ಕೆಲ್ವಿನ್‌ನಲ್ಲೇ ಇದ್ದು, ಉಷ್ಣ ಪಡೆಯುವಾಗ ಅನಿಲ 400 ಕೆಲ್ವಿನ್‌ನಲ್ಲಿದೆ, ಉಳಿದೆಲ್ಲವೂ ರಿವರ್ಸಿಬಲ್ ಎಂದುಕೊಳ್ಳಿ. ಆಗರ ಕಳೆದುಕೊಳ್ಳುವುದು 2, ಅನಿಲ ಪಡೆಯುವುದು 2.5, ನಡುವಿನ 0.5 ಸಿಲಿಂಡರಿನ ಗೋಡೆಯನ್ನು ದಾಟುವಾಗಲೇ ಹುಟ್ಟಿತು. ಈ ಹೆಚ್ಚುವರಿಯನ್ನು ಹೊರಹಾಕದೆ ಅನಿಲ ಮೊದಲಿನ ಸ್ಥಿತಿಗೆ ಬರಲಾರದು, ಹಾಗಾಗಿ ತಂಪು ಆಗರಕ್ಕೆ 600ರ ಬದಲು 750 ಜೂಲ್ ಹೋಗಿ ಕೆಲಸ 250ಕ್ಕೆ ಇಳಿಯುತ್ತದೆ. ಕಳೆದುಹೋದ 150 ಜೂಲ್ ಎಂದರೆ 300 ಕೆಲ್ವಿನ್ ಮತ್ತು 0.5ರ ಗುಣಲಬ್ಧವೇ. ನನ್ನ ದೃಷ್ಟಿಯಲ್ಲಿ ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಸುಂದರವಾದ ಸಂಬಂಧ ಇನ್ನೊಂದಿಲ್ಲ. ತಾಪದ ಅಂತರವೇ ಇಲ್ಲದಿದ್ದರೆ 0.5 ಹುಟ್ಟುವುದಿಲ್ಲ, ಆದರೆ ಆಗ ಉಷ್ಣ ಅನಂತ ನಿಧಾನವಾಗಿ ಹರಿಯುತ್ತದೆ.

ಪ್ರಶ್ನೆ ಕೇಳಿದವರು:
ಈಗ ಸ್ಪಷ್ಟವಾಯಿತು, ಇಬ್ಬರಿಗೂ ಧನ್ಯವಾದಗಳು. ಅಡಿಯಾಬ್ಯಾಟಿಕ್ ಹಂತದಲ್ಲಿ (ಉಷ್ಣ ಒಳಗೂ ಬರದೆ ಹೊರಗೂ ಹೋಗದೆ ನಡೆಯುವ ಹಂತ) ಅನಿಲ 500ರಿಂದ 300 ಕೆಲ್ವಿನ್‌ಗೆ ತಣಿದರೂ ಅದರ ಎಂಟ್ರೊಪಿ ಏಕೆ ಇಳಿಯುವುದಿಲ್ಲ?

ಉತ್ತರ 3:
ತಾಪ ಇಳಿದದ್ದರಿಂದ ಆಗುವ ಇಳಿಕೆಯನ್ನು ಗಾತ್ರ ಹಿಗ್ಗಿದ್ದರಿಂದ ಆಗುವ ಏರಿಕೆ ಸರಿಯಾಗಿ ತುಂಬಿಕೊಡುತ್ತದೆ. ಏಕಪರಮಾಣು ಆದರ್ಶ ಅನಿಲವಾದರೆ ಈ ಹಂತದಲ್ಲಿ ಗಾತ್ರ ಸುಮಾರು 2.15 ಪಟ್ಟಾಗುತ್ತದೆ, ಎರಡೂ ಪದಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿದರೆ ಸೊನ್ನೆಯೇ ಬರುತ್ತದೆ.